ಹಾಳೆಯ ಬೆನ್ನು

ಹೊಸದುರ್ಗ
೩ ಜೂನ್ ೨೦೨೪

ಪೂಜ್ಯ ಅಬ್ದುಲ್ ರಶೀದ್ ಮೇಷ್ಟ್ರಿಗೆ, ನಿಮ್ಮ ಹಳೇ ವಿದ್ಯಾರ್ಥಿನಿ ಚಿತ್ತಮ್ಮನ ನಮಸ್ಕಾರ.

ಫೋನ್ ಮಾಡಿದರೆ ನೀವು "ಯಾರ್ರೀ? ಗಟ್ಟಿ ಮಾತಾಡ್ರಿ, ಗಟ್ಟಿ!" ಎಂದು ಗದರಿ ಇಟ್ಟುಬಿಡುತ್ತೀರಿ. ನಿಮ್ಮ ಕಿವಿಗೂ ನನ್ನ ಗಂಟಲಿಗೂ ಹೊಂದಾಣಿಕೆ ಇಲ್ಲ. ಆದ್ದರಿಂದ ಎಂದಿನಂತೆ ಕಾಗದ.

ವಿಷಯ ಏನೆಂದರೆ, ನಾನು ಟ್ರಸ್ಟ್ ಆಫೀಸಿನ ಕೆಲಸ ಬಿಡಬೇಕೆಂದಿದ್ದೇನೆ. ಗಾಬರಿಯಾಗಬೇಡಿ. ಯಾರೂ ಏನೂ ಅಂದಿಲ್ಲ. ಹೊಸ ಮ್ಯಾನೇಜರ್ ದೀಪಾ ಮೇಡಂ ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಮೆತ್ತಗೆ. ನನ್ನ ಮೇಜನ್ನು ಹಿಂದಿನ ರೆಕಾರ್ಡ್ ರೂಮಿಗೆ ಹಾಕಿಸಿದ್ದಾರೆ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ. ಕೆಲಸಕ್ಕೇನೂ ಕಡಿಮೆ ಇಲ್ಲ. ಆದರೆ ಇಪ್ಪತ್ತನಾಲ್ಕು ವರ್ಷ ಬೇರೆಯವರ ಕಾಗದ ಟೈಪ್ ಮಾಡಿದ್ದು ಸಾಕು ಅನ್ನಿಸಿದೆ.

ಮುಂದೇನು ಅಂತೀರಾ? ಅದನ್ನೂ ಯೋಚಿಸಿದ್ದೇನೆ. ಚಿತ್ರದುರ್ಗಕ್ಕೆ ಬಂದು ನಿಮ್ಮ ಜೊತೆ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲೇ ಕಲಿಸುತ್ತೇನೆ. ಯುಗಾದಿಗೆ ಬರೆದ ಕಾಗದದಲ್ಲಿ ಹನ್ನೊಂದು ಜನ ಕಲಿಯುತ್ತಿದ್ದಾರೆ, ಒಬ್ಬನಿಗೇ ಆಗುತ್ತಿಲ್ಲ ಎಂದಿದ್ದಿರಿ. ಬೆಳಗಿನ ಬ್ಯಾಚು ನಾನು ನೋಡಿಕೊಳ್ಳುತ್ತೇನೆ. ಅವರಲ್ಲಿ ಮದುವೆ ಗೊತ್ತಾಗಿದೆ ಅಂತ ಬರೆದಿದ್ದಿರಲ್ಲ ಯಾಸ್ಮಿನ್, ಅವಳಿಗೊಂದು ಹಸಿರು ಸೀರೆ ತೆಗೆದಿಟ್ಟಿದ್ದೇನೆ. ಬರುವಾಗ ತರುತ್ತೇನೆ. ನಾನು ಬರುತ್ತೇನೆಂದಾಗಲೆಲ್ಲ "ಪರೀಕ್ಷೆ ಮುಗೀಲಿ ಬಾ" ಅನ್ನುತ್ತೀರಿ. ಈ ಸಲ ಹಾಗನ್ನಬೇಡಿ.

ಒಂದು ಉಪಕಾರ ಆಗಬೇಕು. ನನ್ನ ರಾಜೀನಾಮೆಯನ್ನು ನೀವೇ ಬರೆದು, ಮೂರನೇ ಮಷಿನ್ನಿನಲ್ಲಿ ಟೈಪ್ ಮಾಡಿ ಕಳಿಸಿಕೊಡಿ. ಹೊರಕೆರೆದೇವಪುರದ ಕಡೆಯ ಹಟ್ಟಿಯಿಂದ ದೊಡ್ಡಪ್ಪ ನನ್ನನ್ನು ಕರೆತಂದು ನಿಮ್ಮ ಮುಂದೆ ನಿಲ್ಲಿಸಿದಾಗ ಬೇರೆ ಹುಡುಗಿಯರು ಕುರಿ ವಾಸನೆ ಎಂದು ಮೂಗು ಮುಚ್ಚಿಕೊಂಡಿದ್ದರು. ನೀವು, "ಮಷಿನ್ನಿಗೆ ಮೂಗಿಲ್ಲ, ಕುಂತ್ಕಳಮ್ಮ" ಎಂದು ಮೂರನೇ ಮಷಿನ್ ತೋರಿಸಿದ್ದಿರಿ. ಅಲ್ಲಿ ಶುರುವಾದದ್ದು ಅಲ್ಲೇ ಮುಗಿಯಲಿ.

ನೆನಪಿದೆಯಾ, ನೀವು ನಮ್ಮ ಹಾಳೆಯ ಮುಖವನ್ನೇ ನೋಡುತ್ತಿರಲಿಲ್ಲ. ತಿರುಗಿಸಿ ಬೆನ್ನು ಸವರುತ್ತಿದ್ದಿರಿ. "ಫುಲ್‌ಸ್ಟಾಪು ಹಾಳೆ ತೂತು ಮಾಡಿದ್ರೆ ಸಿಟ್ಟು. ಬೆನ್ನಲ್ಲಿ ಅಕ್ಷರನೇ ಏಳದಿದ್ರೆ ಸೋಮಾರಿತನ." ಈಗಲೂ ಯಾವ ಕಾಗದ ಕೈಗೆ ಬಂದರೂ ನನ್ನ ಬೆರಳು ಮೊದಲು ಬೆನ್ನಿಗೇ ಹೋಗುತ್ತದೆ.

ನಿಮ್ಮ
ಚಿತ್ತಮ್ಮ


ಚಿತ್ರದುರ್ಗ
೧೦ ಜೂನ್ ೨೦೨೪

ಮಗಳೇ ಚಿತ್ತಮ್ಮ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಕೈಬರಹದಲ್ಲಿ ಉತ್ತರಿಸುತ್ತಿದ್ದೇನೆ, ಕ್ಷಮಿಸು. ರಿಬ್ಬನ್ ಒಣಗಿದೆ. ಹೊಸದನ್ನು ಹುಬ್ಬಳ್ಳಿಯಿಂದ ತರಿಸಬೇಕಂತೆ.

ಕೆಲಸ ಬಿಡುವುದು ಬಸ್ಸಿಳಿದಷ್ಟು ಸುಲಭವಲ್ಲ. ಒಂದು ಕಥೆ ಹೇಳುತ್ತೇನೆ ಕೇಳು. ಒಂದಾನೊಂದು ಕೋಟೆ. ಅದರ ಬಾಗಿಲಿಗೊಬ್ಬ ಕಾವಲುಗಾರ. ಕಾಲ ಕಳೆದು ಬಾಗಿಲ ಎರಡೂ ಮಗ್ಗುಲ ಗೋಡೆ ಬಿತ್ತು. ಜನ, ದನ, ಕುರಿ ಎಲ್ಲ ಆ ಸಂದಿಯಲ್ಲೇ ಓಡಾಡತೊಡಗಿದವು. ಇವನು ಮಾತ್ರ ದಿನಾ ಬೆಳಿಗ್ಗೆ ಬಾಗಿಲು ತೆಗೆಯುತ್ತಾನೆ, ಸಂಜೆ ಹಾಕುತ್ತಾನೆ. ದಾರಿಹೋಕನೊಬ್ಬ ಕೇಳಿದ, "ಯಾಕಜ್ಜ, ಗೋಡೇನೇ ಇಲ್ವಲ್ಲ?" ಇವನು ಅಂದ, "ಗೋಡೆ ಬಿದ್ದಿದ್ದು ಗೋಡೆ ತಪ್ಪು. ಬಾಗಿಲು ಇನ್ನೂ ನಿಂತೈತಲ್ಲ!"

ನೀನು ಆ ಬಾಗಿಲ ಹಾಗೆ ನಿಂತಿರುವವಳು. ಒಳ್ಳೆಯ ಹೆಸರು, ಗಾಳಿ ಬರುವ ಕೋಣೆ, ತಿಂಗಳಾದರೆ ಸಂಬಳ. ಇದನ್ನೆಲ್ಲ ಬಿಟ್ಟು ಈ ಹಳೇ ಮಷಿನ್ನುಗಳ ಸದ್ದಿಗೆ ಯಾಕೆ ಬರುತ್ತೀಯಾ? ಹುಡುಗರು ಮೊದಲಿನ ಹಾಗಿಲ್ಲ. ಮುಝಫರ್ ಅನ್ನುವವನು ಬೆರಳು ನೋಡಿಕೊಂಡೇ ಟೈಪ್ ಮಾಡುತ್ತಾನೆ. ಎಷ್ಟು ಹೇಳಿದರೂ ಅಷ್ಟೆ.

ಮೊದಲು ಮೂರು ತಿಂಗಳು ರಜೆ ಹಾಕಿ ನೋಡು. ರಾಜೀನಾಮೆ ಎಲ್ಲಿಗೂ ಓಡಿಹೋಗುವುದಿಲ್ಲ.

ಇತಿ,
ಅಬ್ದುಲ್ ರಶೀದ್


ಹೊಸದುರ್ಗ
೨೦ ಜೂನ್ ೨೦೨೪

ಮೇಷ್ಟ್ರಿಗೆ ನಮಸ್ಕಾರ.

ತಡವಾಗಿಯಾದರೂ ಬಕ್ರೀದ್ ಶುಭಾಶಯ. ಹಬ್ಬದ ಹಿಂದಿನ ವಾರ ನಮ್ಮ ಹಟ್ಟಿಯಿಂದ ಎಷ್ಟು ಕುರಿ ನಿಮ್ಮ ಊರಿಗೆ ಬಂದವೋ. ಅವುಗಳ ಜೊತೆ ನಾನೂ ಬಂದುಬಿಡಬಹುದಿತ್ತು.

ಕಥೆ ಚೆನ್ನಾಗಿತ್ತು. ಆದರೆ ಓದಿದ ಮೇಲೆ ನನಗೆ ಬಾಗಿಲಿಗಿಂತ ಆ ಕಾವಲುಗಾರನದೇ ಯೋಚನೆ. ಆ ದಾರಿಹೋಕ ಪ್ರಶ್ನೆ ಕೇಳಿ ಸುಮ್ಮನೆ ಹೋಗುವ ಬದಲು, "ಬಾರಜ್ಜ, ಹೋಗಾಣ" ಅನ್ನಬಾರದಿತ್ತೇ?

ರಜೆ ಬೇಡ ಮೇಷ್ಟ್ರೇ. ನಾನು ಮನಸ್ಸು ಮಾಡಿಯಾಗಿದೆ. ಮನೆ ಓನರ್ ಭಾಗ್ಯಮ್ಮನಿಗೆ ಆಗಸ್ಟ್ ಕೊನೆಗೆ ರೂಮು ಖಾಲಿ ಮಾಡುತ್ತೇನೆಂದು ಹೇಳಿಬಿಟ್ಟೆ. "ಅಯ್ಯೋ, ಹೋದ್ರೆ ನಂಗೆ ಹೊತ್ತೇ ಹೋಗಲ್ಲ ಕಣಕ್ಕ" ಎಂದು ಕಣ್ಣು ಒರೆಸಿಕೊಂಡಳು. ಮಾರನೇ ದಿನವೇ ಬೇರೆಯವರಿಗೆ ರೂಮು ತೋರಿಸುತ್ತಿದ್ದಳು. ಹಿರಿಯೂರಿನ ತಮ್ಮ ನಾಗರಾಜ್ ಅವನ ಮನೆಗೆ ಬಾ ಅಂತಾನೆ. ಅಲ್ಲಿ ಹೋದರೆ ನಾನು ಅಡುಗೆಮನೆಯಲ್ಲಿ ಒಂದು ಡಬ್ಬಿ. ನಿಮ್ಮಲ್ಲಿಗೆ ಬಂದರೆ ಮನುಷ್ಯಳು.

ಬಿಡುವುದಾದರೆ ಸರಿಯಾಗಿ ಬಿಡಬೇಕು, ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು. ನಮ್ಮ ದೊಡ್ಡಪ್ಪ ಬೇರೆಯವರ ಮಂದೆ ಕಾಯುತ್ತಿದ್ದಾಗ, ಕೆಲಸ ಬಿಡುವ ದಿನ ಕುರಿ ರೊಪ್ಪದ ಬಾಗಿಲಿಗೆ ಕೋಲು ಅಡ್ಡ ಹಿಡಿದು ಒಂದೊಂದೇ ಕುರಿಯನ್ನು ಹಾರಿಸುತ್ತಿದ್ದ. ಕುಂಟಿದ್ದು, ಕಣ್ಣು ಬಂದದ್ದು, ಗಬ್ಬ ಇದ್ದದ್ದು ಎಲ್ಲ ಹೇಳಿ ಒಪ್ಪಿಸುತ್ತಿದ್ದ. ಕೊನೆಯ ಕುರಿಯನ್ನು ಮಾತ್ರ ಹಾರಿಸುತ್ತಿರಲಿಲ್ಲ. ಎತ್ತಿಕೊಂಡು ಹೋಗಿ ಯಜಮಾನನ ಕೈಗೆ ಕೊಟ್ಟು, "ಈಗ ನನ್ನ ಕೈ ಖಾಲಿ" ಅನ್ನುತ್ತಿದ್ದ. ಎಂಥಾ ಜಗಳವಾಗಿ ಬಿಟ್ಟರೂ ಅಷ್ಟು ಮಾಡದೆ ಬರುತ್ತಿರಲಿಲ್ಲ.

ರಿಬ್ಬನ್ ಬಂತೇ? ಬೇಗ ಕಳಿಸಿ.

ಚಿತ್ತಮ್ಮ


ಚಿತ್ರದುರ್ಗ
೨೫ ಜೂನ್ ೨೦೨೪

ಚಿತ್ತಮ್ಮ,

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲವೆಂದು ಪೆನ್ನು ಹಿಡಿಯುವ ಮೊದಲೇ ಗೊತ್ತಿದೆ. ಆದರೂ ಒಂದು ಸಲ ಬರೆದು ನೋಡುತ್ತೇನೆ.

ಇನ್‌ಸ್ಟಿಟ್ಯೂಟ್ ಇಲ್ಲ. ಕೊರೊನಾ ವರ್ಷ ಮುಚ್ಚಿದ್ದು ಮತ್ತೆ ತೆಗೆಯಲಿಲ್ಲ. ಐದು ಮಷಿನ್ನೂ ಗುಜರಿಗೆ ಹೋದವು. ತಳ್ಳುಗಾಡಿಯಲ್ಲಿ ಮೂರನೆಯದು ಮೇಲುಗಡೆ ಇತ್ತು. ಓಡಿಹೋಗಿ ಸ್ಕ್ರೂಡ್ರೈವರಿನಲ್ಲಿ ಅದರ ಗಂಟೆಯನ್ನಷ್ಟೇ ಬಿಚ್ಚಿಕೊಂಡೆ. ಸಾಲು ಅಂಚಿಗೆ ಬಂತೆಂದು ಎಚ್ಚರಿಸುವ ಆ ಪುಟ್ಟ ಗಂಟೆ. ನಮ್ಮ ಕೋಣೆಯಲ್ಲಿ ಈಗ ಸಿಮ್ರಾನ್ ಎಂಬಾಕೆ ಜೆರಾಕ್ಸ್ ಅಂಗಡಿ ಇಟ್ಟಿದ್ದಾಳೆ, ಎರಡು ಮಕ್ಕಳ ತಾಯಿ. ನಾನು ದಿನಾ ಹತ್ತು ಗಂಟೆಗೆ ಹೋಗಿ ಅಲ್ಲಿನ ಸ್ಟೂಲಿನ ಮೇಲೆ ಕೂರುತ್ತೇನೆ. ಅವಳು ಬೇಡ ಅನ್ನುವುದಿಲ್ಲ. ಜನ ಅರ್ಜಿ ತುಂಬಿಸಲು ಬರುತ್ತಾರೆ. ಆ ಅರ್ಜಿಗಳ ಮೇಲಿನ ಹೆಸರುಗಳೇ ನನ್ನ ವಿದ್ಯಾರ್ಥಿಗಳು. ಯಾಸ್ಮಿನ್ ಜಾತಿ ಪ್ರಮಾಣಪತ್ರಕ್ಕೆ ಒಂದೇ ಒಂದು ದಿನ ಬಂದಿದ್ದ ಹುಡುಗಿ. ಮದುವೆ ನಾನೇ ಕಾಗದದಲ್ಲಿ ಮಾಡಿಸಿದೆ.

ಮೊದಲ ಸುಳ್ಳು ಒಂದೇ ಸಾಲಿನದು. "ತರಗತಿ ಚೆನ್ನಾಗಿ ನಡೆದಿದೆ" ಎಂದಿದ್ದೆ. ನೀನು ಸಂತೋಷಪಟ್ಟು ಎರಡು ಪುಟ ಬರೆದೆ. ಆ ತಿಂಗಳು ನನ್ನ ಜೊತೆ ಎರಡು ಪುಟ ಮಾತಾಡಿದವರು ಬೇರೆ ಯಾರೂ ಇರಲಿಲ್ಲ. ನನ್ನವಳು, ನಿನ್ನ ಚಾಚಿ, ತೀರಿಕೊಂಡು ಆಗ ಏಳು ತಿಂಗಳಾಗಿತ್ತು. ಮಗಳು ಶಬನಾ ಹಿರಿಯೂರಿಂದ ಬಂದಾಗ ಬಾಯಿ ಆಡಿಸುತ್ತಾಳೆ, ನನಗೆ ಕೇಳುವುದಿಲ್ಲ. ನಿನ್ನ ಕಾಗದ ಮಾತ್ರ ಕೇಳುತ್ತದೆ.

ಈಗ ನೀನು ಇಲ್ಲದ ಕೋಣೆಯನ್ನು ನಂಬಿ ಇರುವ ಅನ್ನ ಬಿಡಲು ಹೊರಟಿದ್ದೀಯಾ. ಇದನ್ನು ಹಾಕಿದರೆ ನಿನ್ನ ಕೆಲಸ ಉಳಿಯುತ್ತದೆ, ನಿನ್ನ ಕಾಗದಗಳು ನಿಲ್ಲುತ್ತವೆ. ಎಪ್ಪತ್ತೆರಡು ವರ್ಷದ ಗಂಡಸು ಇಂಥದ್ದನ್ನು ತೂಗಿ ನೋಡುತ್ತಾ ಕೂರಬಾರದು. ಆದರೂ ಕೂತಿದ್ದೇನೆ.


ಚಿತ್ರದುರ್ಗ
೧ ಜುಲೈ ೨೦೨೪

ಚಿತ್ತಮ್ಮ,

ರಿಬ್ಬನ್ ಬಂತು. ಮೂರನೇ ಮಷಿನ್ನಿನಲ್ಲಿ ನಾನೇ ಕೂತು ಟೈಪ್ ಮಾಡಿದ್ದೇನೆ. ಹಾಳೆ ಇದರ ಜೊತೆ ಇದೆ. ನೀನು ಕೇಳಿದ್ದಕ್ಕೆ ಕೊಟ್ಟಿದ್ದೇನೆ ಅಷ್ಟೆ. ಸಲ್ಲಿಸುವ ಮುಂಚೆ ಹತ್ತು ಸಲ ಯೋಚಿಸು, ಇಪ್ಪತ್ತು ಸಲ ಯೋಚಿಸು.

ರಾಜೀನಾಮೆಯಲ್ಲಿ ದೂರು ಇರಬಾರದು, ಅಳು ಇರಬಾರದು. ಜಗಳವಿದ್ದರೆ ಬಾಯಲ್ಲಿ ಆಡು, ಕಾಗದದಲ್ಲಿ ಬೇಡ. ಕಾಗದ ನಮಗಿಂತ ಹೆಚ್ಚು ದಿನ ಬದುಕುತ್ತದೆ.

ಅಬ್ದುಲ್ ರಶೀದ್

(ಜೊತೆಗಿನ ಹಾಳೆ)

ವಿಷಯ: ರಾಜೀನಾಮೆ.
ಮಾನ್ಯರೇ,
ತಮ್ಮ ಕಚೇರಿಯಲ್ಲಿ ಬೆರಳಚ್ಚುಗಾರಳಾಗಿ ಇಪ್ಪತ್ತನಾಲ್ಕು ವರ್ಷ ಸೇವೆ ಸಲ್ಲಿಸಿರುತ್ತೇನೆ. ಸ್ವಂತ ಕಾರಣದಿಂದ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದು, ನಿಯಮದಂತೆ ಒಂದು ತಿಂಗಳ ನಂತರ ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ. ಅಷ್ಟರೊಳಗೆ ನನ್ನ ವಶದಲ್ಲಿರುವ ಕಡತ, ವಸ್ತುಗಳನ್ನು ಪಟ್ಟಿ ಸಹಿತ ಒಪ್ಪಿಸುತ್ತೇನೆ. ದುಡಿಯಲು ಅವಕಾಶ ಕೊಟ್ಟದ್ದಕ್ಕೆ ಕೃತಜ್ಞತೆಗಳು.


ಹೊಸದುರ್ಗ
೮ ಜುಲೈ ೨೦೨೪

ಮೇಷ್ಟ್ರೇ,

ನಿಮ್ಮ ಹಾಳೆ ಬಂತು. ಮಾತುಗಳು ಸರಿಯಾಗಿವೆ.

ಬೆನ್ನು ಸವರಿದೆ. ಗಾಜಿನ ಹಾಗೆ ನುಣ್ಣಗಿದೆ. ಒಂದು ಅಕ್ಷರವೂ ಎದ್ದಿಲ್ಲ. ಕಂಪ್ಯೂಟರಿನ ಪ್ರಿಂಟು.

ಸಲ್ಲಿಸಿಲ್ಲ.

ಚಿತ್ತಮ್ಮ


ಚಿತ್ರದುರ್ಗ
೧೩ ಜುಲೈ ೨೦೨೪

ಇವರಿಗೆ: ಶ್ರೀಮತಿ ಚಿತ್ತಮ್ಮ, ಹೊಸದುರ್ಗ
ವಿಷಯ: ರಾಜೀನಾಮೆ

ಮಾನ್ಯರೇ,

ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿ ನಾಲ್ಕು ವರ್ಷವಾಗಿದೆ. ಆ ಕೋಣೆಯಲ್ಲಿ ಈಗ ಜೆರಾಕ್ಸ್ ಅಂಗಡಿ ಇದ್ದು, ನಿನಗೆ ಕಳಿಸಿದ ಹಾಳೆ ಅಲ್ಲಿಯದು. ಹನ್ನೊಂದು ವಿದ್ಯಾರ್ಥಿಗಳು ನನ್ನ ವಿದ್ಯಾರ್ಥಿಗಳಲ್ಲ. ಮುಚ್ಚಿದಾಗ ರಾಜೀನಾಮೆ ಕೊಡಲು ನನಗೆ ಮೇಲಧಿಕಾರಿ ಯಾರೂ ಇರಲಿಲ್ಲ. ನಿನಗೆ ಕೊಡಬೇಕಿತ್ತು. ನಾಲ್ಕು ವರ್ಷ ತಡವಾಗಿ ಈಗ ಕೊಡುತ್ತಿದ್ದೇನೆ.

ದೂರು, ಅಳು ಇರಬಾರದೆಂದು ನಿನಗೆ ಹೇಳಿದ್ದರಿಂದ ಕಾರಣ ಬರೆಯುತ್ತಿಲ್ಲ. ಜೂನ್ ೨೫ರಂದು ಬರೆದು ಹಾಕದೆ ಇಟ್ಟ ಕಾಗದವನ್ನು ಇದಕ್ಕೆ ಪಿನ್ ಮಾಡಿದ್ದೇನೆ.

ಕೆಲಸ ಬಿಡಬೇಡ. ಭಾಗ್ಯಮ್ಮನಿಗೆ ರೂಮು ಬೇಕೆಂದು ಇವತ್ತೇ ಹೇಳು.

ನನ್ನ ವಶದಲ್ಲಿ ಉಳಿದ ವಸ್ತುಗಳ ಪಟ್ಟಿ:
೧. ಮೂರನೇ ಮಷಿನ್ನಿನ ಗಂಟೆ, ಒಂದು.

ತಮ್ಮ ವಿಧೇಯ,
ಅಬ್ದುಲ್ ರಶೀದ್


ಚಿತ್ರದುರ್ಗ
೧೨ ಆಗಸ್ಟ್ ೨೦೨೪

ಚಿತ್ತಮ್ಮ,

ತಿಂಗಳಾಯಿತು. ಪೋಸ್ಟ್‌ಮನ್ ಶಿವಕುಮಾರಪ್ಪ ನಮ್ಮ ಬೀದಿಗೆ ಬಂದಾಗ ದೂರದಿಂದಲೇ ಕೈ ಆಡಿಸುತ್ತಾನೆ, ಇಲ್ಲ ಎಂದು. ನಾನು ಬಾಗಿಲಲ್ಲಿ ನಿಲ್ಲುವುದು ಅವನಿಗೂ ಕಷ್ಟವಾಗಿರಬೇಕು.

ಬೈಯಬೇಕೆಂದಿದ್ದರೆ ಬೈದು ಬರೆ. ಬೈಯಲೂ ಮನಸ್ಸಿಲ್ಲದಿದ್ದರೆ ವಿಳಾಸ ಮಾತ್ರ ಬರೆದು ಒಂದು ಖಾಲಿ ಕಾರ್ಡ್ ಹಾಕು. ಕೆಲಸದಲ್ಲಿದ್ದೀಯೋ ಬಿಟ್ಟೆಯೋ ಅದರಿಂದ ತಿಳಿಯುವುದಿಲ್ಲ, ಆದರೆ ಇದ್ದೀಯಾ ಎಂದು ತಿಳಿಯುತ್ತದೆ.

ಅಬ್ದುಲ್ ರಶೀದ್


ಹೊಳಲ್ಕೆರೆ
೧೮ ಸೆಪ್ಟೆಂಬರ್ ೨೦೨೪

ಮೇಷ್ಟ್ರಿಗೆ,

ಊರಿನ ಹೆಸರು ಬದಲಾಗಿರುವುದನ್ನು ನೋಡಿದಿರಿ. ಹೌದು, ಬಿಟ್ಟೆ. ನಿಮ್ಮ ಕಾಗದ ತಲುಪಿ ಎರಡು ವಾರ ಕಳೆದು, ಜುಲೈ ೩೧ರಂದು ಸಲ್ಲಿಸಿದೆ. ಎಲ್ಲ ತಿಳಿದುಕೊಂಡೇ ಸಲ್ಲಿಸಿದೆ. ನಿಮ್ಮ ಸುಳ್ಳಿನಿಂದ ನನ್ನ ಅನ್ನ ಹೋಯಿತು ಎಂದು ಕೊರಗಬೇಡಿ. ಮಾತುಗಳು ನಿಮ್ಮವೇ, ಬರಹ ನನ್ನ ಕೈಯದು.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ಆಫೀಸಿನಲ್ಲಿ ಕೆಲಸಕ್ಕೆ ಕಡಿಮೆ ಇಲ್ಲ ಎಂದು ಬರೆದಿದ್ದೆನಲ್ಲ. ಹೋದ ದಸರಾದಿಂದ ನನಗೆ ಯಾರೂ ಒಂದು ಸಾಲಿನ ಕೆಲಸ ಕೊಟ್ಟಿರಲಿಲ್ಲ. "ನೀವು ಆರಾಮಾಗಿ ಕುಂತ್ಕಳ್ರಿ ಚಿತ್ತಮ್ಮಾರೇ, ಕಂಪ್ಯೂಟರಲ್ಲಿ ನಾವೇ ಮಾಡ್ಕಂತೀವಿ" ಎಂದು ದೀಪಾ ಮೇಡಂ ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದರು. ರೆಕಾರ್ಡ್ ರೂಮಿನಲ್ಲಿ ಕೂತು ಹಳೆಯ ರಿಜಿಸ್ಟರುಗಳನ್ನು, ಯಾರೂ ಕೇಳದಿದ್ದರೂ, ಅಲ್ಲಿದ್ದ ಹಳೇ ಕನ್ನಡ ಮಷಿನ್ನಿನಲ್ಲಿ ಪ್ರತಿ ಮಾಡುತ್ತಿದ್ದೆ. ಮೇ ತಿಂಗಳಲ್ಲಿ ರಿಬ್ಬನ್ನಿನ ಬಣ್ಣವೂ ಮುಗಿಯಿತು. ಆಮೇಲೆ ಸುಮ್ಮನೆ ಕೂತಿರುತ್ತಿದ್ದೆ. ಒಂದು ಮಧ್ಯಾಹ್ನ ಅಟೆಂಡರ್ ಮುರುಗೇಶಪ್ಪ ಬಂದು ಲೈಟು, ಫ್ಯಾನು ಆರಿಸಿ ಹೊರಟ. ನಾನು ಕೆಮ್ಮಿದೆ. "ಅಯ್ಯೋ, ನೀವಿದೀರೇನಕ್ಕಾ! ರೂಮಲ್ಲಿ ಯಾರೂ ಇಲ್ಲ ಅನ್ಕಂಡೆ" ಅಂದ. ಅವನದೇನೂ ತಪ್ಪಿಲ್ಲ. ಎರಡೇ ದಿನಕ್ಕೆ ಕೆಲಸ ಬಿಡುತ್ತೇನೆಂದು ನಿಮಗೆ ಕಾಗದ ಬರೆದೆ.

ಕೊನೆಯ ತಿಂಗಳು ದೊಡ್ಡಪ್ಪನ ಹಾಗೆ ಒಪ್ಪಿಸಿದೆ. ಒಂದೊಂದು ಕಡತ ತೆಗೆದು, ಇದರಲ್ಲಿ ಪುಟ ಹರಿದಿದೆ, ಇದಕ್ಕೆ ಗೆದ್ದಲು ತಗುಲಿದೆ, ಇದನ್ನು ಯಾರಿಗೂ ಎರವಲು ಕೊಡಬೇಡಿ ಎಂದು ಹೇಳಿ ಪಟ್ಟಿ ಬರೆದೆ. ಯಾಸ್ಮಿನ್‌ಗೆಂದು ಇಟ್ಟಿದ್ದ ಹಸಿರು ಸೀರೆ ಇತ್ತಲ್ಲ, ಅದನ್ನು ನಾನೇ ಉಟ್ಟು ಕೊನೆಯ ದಿನ ಹೋದೆ. ಎಲ್ಲಕ್ಕಿಂತ ಹಳೆಯ ರಿಜಿಸ್ಟರನ್ನು ಎದೆಗವಚಿಕೊಂಡು ಹೋಗಿ ಮೇಡಂ ಕೈಗೆ ಕೊಟ್ಟೆ. ಅವರ ಕಣ್ಣು ತುಂಬಿತು. "ಏನು ಬೇಕು ಹೇಳ್ರಿ, ಶಾಲು ಹೊದಿಸಾಣ ಅಂತಿದೀವಿ" ಅಂದರು.

"ಶಾಲು ಬ್ಯಾಡ ಮೇಡಂ. ಗುಜರಿಗೆ ಹಾಕಾಕೆ ಇಟ್ಟಿರ ಆ ಮಷಿನ್ ಕೊಡ್ರಿ."

ಕೊಟ್ಟರು. ಬಸ್‌ಸ್ಟ್ಯಾಂಡಿನವರೆಗೆ ಬಂದ ಮುರುಗೇಶಪ್ಪ, "ಕುರಿಮರಿ ಎತ್ಕಂಡಂಗೆ ಎತ್ಕಂಡಿದೀರಲ್ಲಕ್ಕಾ!" ಎಂದು ನಕ್ಕ. ಕೆಳಗಿಡಲು ನಾನು ಒಪ್ಪಲಿಲ್ಲ.

ಈಗ ಇಲ್ಲಿ ತಾಲ್ಲೂಕು ಕಚೇರಿಯ ಎದುರು, ಟೀ ಅಂಗಡಿಯ ಜಗಲಿಯಲ್ಲಿ ಕೂರುತ್ತೇನೆ. ಹಳೇ ರಿಬ್ಬನ್ನಿಗೆ ಮುದ್ರೆಯ ಮಸಿ ಹಾಕಿಕೊಂಡು ಅರ್ಜಿ ಟೈಪ್ ಮಾಡಿಕೊಡುತ್ತೇನೆ. ಕೆಲವು ದಿನ ನಾಲ್ಕು ಜನ, ಕೆಲವು ದಿನ ಯಾರೂ ಇಲ್ಲ. ಮೊದಲು ಬಂದವರು ನಾಗರಾಜಪ್ಪ ಅಂತ ಒಬ್ಬ ಮುದುಕರು. ಬೀದಿ ದೀಪಕ್ಕೆ ಅರ್ಜಿ. "ಕಂಪ್ಯೂಟ್ರು ಅಂಗಡೀಲಿ ಫಾರಂ ಐತೆ ಸೈನ್ ಹಾಕಜ್ಜ ಅಂತಾರೆ. ನಾನು ಹೇಳದು ಯಾರೂ ಕೇಳಲ್ಲಮ್ಮ" ಅಂದರು. ಕೇಳಿದೆ. ಬೀದಿ ದೀಪದಿಂದ ಶುರುವಾಗಿ ಸತ್ತುಹೋದ ಎತ್ತಿನವರೆಗೆ ಹೇಳಿದರು. ಅರ್ಜಿ ನಾಲ್ಕೇ ಸಾಲು ಆಯಿತು. ಸಂಜೆ ರೂಮಿಗೆ ಹೋದರೆ ಮಾತಾಡಲು ಯಾರೂ ಇಲ್ಲ. ಹೊಸದುರ್ಗದಲ್ಲೂ ಯಾರೂ ಇರಲಿಲ್ಲ ಬಿಡಿ.

ಸಿಟ್ಟು ಇದೆ ಮೇಷ್ಟ್ರೇ. ಹನ್ನೊಂದು ಜನರನ್ನು ನಾನು ಹೆಸರು ಹಿಡಿದು ವಿಚಾರಿಸುತ್ತಿದ್ದೆ. ಮುಝಫರ್ ಪಾಸಾಗಲಿ ಎಂದು ದೇವರಿಗೆ ಕೈ ಮುಗಿದಿದ್ದೆ. ಈ ಹಾಳೆ ಟೈಪ್ ಮಾಡಿದ್ದು. ತಿರುಗಿಸಿ ಬೆನ್ನು ಸವರಿ. ಎರಡು ಕಡೆ ಫುಲ್‌ಸ್ಟಾಪು ತೂತು ಮಾಡಿದೆ. ಎಲ್ಲೆಲ್ಲಿ ಎಂದು ನೀವೇ ನೋಡಿಕೊಳ್ಳಿ.

ನಿಮ್ಮ ರಾಜೀನಾಮೆ ತಲುಪಿದೆ, ಸ್ವೀಕರಿಸಿದ್ದೇನೆ. ಆದರೆ ವಶದಲ್ಲಿರುವ ವಸ್ತು ಒಪ್ಪಿಸದೆ ಬಿಡುಗಡೆ ಇಲ್ಲ. ಪಟ್ಟಿಯಲ್ಲಿ ಒಂದು ಗಂಟೆ ಇದೆ. ನನ್ನ ಮಷಿನ್ನಿಗೆ ಗಂಟೆ ಇಲ್ಲ. ಸಾಲು ಮುಗಿದದ್ದು ಗೊತ್ತಾಗದೆ ಅಕ್ಷರಗಳು ಒಂದರ ಮೇಲೊಂದು ಕೂತುಬಿಡುತ್ತವೆ.

ಚಿತ್ತಮ್ಮ


ಚಿತ್ರದುರ್ಗ
೨೪ ಸೆಪ್ಟೆಂಬರ್ ೨೦೨೪

ಚಿತ್ತಮ್ಮ,

ತೂತುಗಳನ್ನು ನೋಡಿದೆ. ಒಂದು, ಯಾಸ್ಮಿನ್‌ಗೆಂದಿಟ್ಟ ಸೀರೆ ನೀನೇ ಉಟ್ಟೆ ಎಂದ ಸಾಲಿನ ಕೊನೆಗಿದೆ. ಅದು ನನಗೆ ಸಲ್ಲಬೇಕಾದದ್ದೇ. ಇನ್ನೊಂದು, ಸಂಜೆ ಮಾತಾಡಲು ಯಾರೂ ಇಲ್ಲ ಎಂದ ಕಡೆ. ಅದು ಯಾರ ಮೇಲಿನ ಸಿಟ್ಟೋ ನನಗೆ ತಿಳಿಯಲಿಲ್ಲ. ಬೆರಳಿಟ್ಟು ಇನ್ನೊಮ್ಮೆ ಸವರಿದೆ.

ಗಂಟೆಯನ್ನು ಈ ಪಾರ್ಸೆಲಿನಲ್ಲಿ ಹಾಕಿದ್ದೇನೆ. ನಿನ್ನ ಮಷಿನ್ನಿಗೆ ಸ್ಕ್ರೂ ಕೂರದಿದ್ದರೆ ತಂತಿ ಸುತ್ತಿ ಕಟ್ಟು. ತುಕ್ಕು ಇರಲಿಲ್ಲ, ಆಗಾಗ ಎಣ್ಣೆ ಒರೆಸುತ್ತಿದ್ದೆ.

ಕಟ್ಟುವ ಮುಂಚೆ ಸರಿಯಾಗಿದೆಯೋ ಇಲ್ಲವೋ ಎಂದು ಅಂಗಡಿಯಲ್ಲಿ ಕೂತು ಬೆರಳಿನಿಂದ ಒಮ್ಮೆ ತಟ್ಟಿದೆ. ನನಗೆ ಕೇಳಲಿಲ್ಲ. ಆಚೆ ಜೆರಾಕ್ಸ್ ತೆಗೆಯುತ್ತಿದ್ದ ಸಿಮ್ರಾನ್ ತಲೆ ಎತ್ತಿ ನೋಡಿದಳು. ಅದರಿಂದ ಸದ್ದಾಯಿತೆಂದು ಗೊತ್ತಾಯಿತು.

ಈಗ ನನ್ನ ಕೈ ಖಾಲಿ.

ಅಬ್ದುಲ್ ರಶೀದ್